ಒಂದು ಕಂಡಿಕೆ ಸುತ್ತುವಷ್ಟು ಹೊತ್ತು

ಸೊಂಟ ನೋವು ಎಂದು ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು. ಆರ್.ಎಸ್. ಪುರಂನಲ್ಲಿ ಮಗಳ ಮನೆಯಿರುವ ಈ ಅಪಾರ್ಟ್‌ಮೆಂಟಿನಲ್ಲಿ ನನ್ನ ಸೊಂಟ ಈಗ ಎಲ್ಲರ ಸ್ವತ್ತು. ಲಿಫ್ಟಿನಲ್ಲಿ ಸಿಕ್ಕವರು ಹುರುಳಿ ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ ಅನ್ನುತ್ತಾರೆ. ಮೊಟ್ಟೆ ಮಾರುವ ಅಂಗಡಿಯವನು ನೆಲದ ಮೇಲೆ ಮಲಗಿ ಅನ್ನುತ್ತಾನೆ, ಅವನ ಹೆಂಡತಿ ನೆಲದ ಮೇಲೆ ಮಾತ್ರ ಮಲಗಬೇಡಿ ಅನ್ನುತ್ತಾಳೆ. ಫೋನಿನಲ್ಲಿ ಬರುವ ಸಲಹೆಗಳನ್ನು ಓದದೆಯೇ ಅಳಿಸುತ್ತೇನೆ. ವಾರಕ್ಕೆ ಎರಡು ಸಲ ಬರುವ ಫಿಸಿಯೋಥೆರಪಿಯ ಹುಡುಗಿ ಒಳ್ಳೆಯವಳು; ವ್ಯಾಯಾಮ ಮಾಡಿಸಿ, ಮಧ್ಯಾಹ್ನ ಅರ್ಧ ಗಂಟೆ ಮಲಗಿ ಅಮ್ಮಾ ಎಂದು ಹೇಳಿ ಹೋಗುತ್ತಾಳೆ. ಹಗಲು ಹೊತ್ತು ಮಲಗುವುದು ನನಗೆ ಬರುವುದಿಲ್ಲ ಎಂದು ಅವಳಿಗೆ ಹೇಗೆ ತಿಳಿಸುವುದು? ಮೊನ್ನೆ ಎರಡನೇ ಮಹಡಿಯ ಹೆಂಗಸು ಮೆಟ್ಟಿಲ ಹತ್ತಿರ ನಿಲ್ಲಿಸಿ, ಗುಟ್ಟು ಹೇಳುವವಳಂತೆ ದನಿ ತಗ್ಗಿಸಿ, ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ಗೊತ್ತಾ, ಅವರ ಕಾಲಲ್ಲಿ ಮೂರು ಬೆಳಿಗ್ಗೆ ತುಳಿಸಿಕೊಂಡರೆ ಎಂಥ ಸೊಂಟವೂ ಬಿಡುತ್ತದಂತೆ ಎಂದಳು. ಗೊತ್ತಿಲ್ಲ ಎಂದೆ. ಆ ಒಂದು ವಿಷಯದಲ್ಲಿ ಸುಳ್ಳು ಹೇಳುವ ಅಭ್ಯಾಸ ನನಗೆ ಒಂಬತ್ತನೇ ವಯಸ್ಸಿನಿಂದ ಇದೆ.

ನಮ್ಮ ಮನೆ ಇದ್ದದ್ದು ಇದೇ ಊರಿನ ಹೊರಗೆ, ಪೆರಿಯನಾಯಕನಪಾಳ್ಯಂ ದಾಟಿ ಒಳಕ್ಕೆ ಹೋದರೆ ಸಿಗುವ ನೇಕಾರರ ಬೀದಿಯಲ್ಲಿ. ಹೊರಗೆ ಕಾಲಿಟ್ಟರೆ ತಮಿಳು, ಒಳಗೆ ನಮ್ಮದೇ ಕನ್ನಡ. ಅದರ ಅಕ್ಷರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಮದುವೆಯಾದ ಮೇಲೆ, ಮೈಸೂರು ಕಡೆಯಿಂದ ಬಂದಿದ್ದ ನೆರೆಮನೆಯ ಟೀಚರಿಂದ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ನೇಯುವಂಥವು. ಒಂದು ಅಪ್ಪನದು, ತಾತ ಸತ್ತ ಮೇಲೆ ಇನ್ನೊಂದು ಅಮ್ಮನದು. ಅದನ್ನು ದಾಟಿದರೆ ನಡುಮನೆ, ಆಮೇಲೆ ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಮನೆಯಿಡೀ ನೂಲಿಗೆ ಹಾಕುವ ಗಂಜಿಯ ವಾಸನೆ, ಅದರ ಮೇಲೆ ಹರಳೆಣ್ಣೆಯ ವಾಸನೆ. ಗಂಜಿ ಅಮ್ಮನ ಪಾಲು, ಎಣ್ಣೆ ಅಜ್ಜಿಯ ಪಾಲು. ಅಪ್ಪನ ತಾಯಿಯಾದ ಈ ಅಜ್ಜಿ ನಡುಮನೆಯ ಕಿಟಕಿಯ ಕೆಳಗೆ ರಾಟೆ ಇಟ್ಟುಕೊಂಡು, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ಸುತ್ತುತ್ತಾ ಕೂತಿರುತ್ತಿದ್ದಳು. ಬೀದಿಯ ಅರ್ಧ ಜನ ತಮ್ಮ ಮೈ ಬಗ್ಗೆ ಮೊದಲು ಕೇಳುತ್ತಿದ್ದದ್ದು ಅವಳನ್ನೇ. ಕೂಸಿಗೆ ಹೊಟ್ಟೆ ಉಬ್ಬರ, ಬಾಣಂತಿಗೆ ಹಾಲು ಸಾಲದು, ಮುದುಕರಿಗೆ ನಿದ್ದೆ ಬಾರದು, ಎಲ್ಲಕ್ಕೂ ಅವಳು ರಾಟೆ ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದಳು. ನಮಗಂತೂ ಬೆಳಗಿನಿಂದ ಸಂಜೆಯವರೆಗೆ ಅವಳ ಕಾನೂನು. ಥಂಡಿ ಬಿದ್ದರೆ ಹುರುಳಿ ರಸ. ಶನಿವಾರ ಅಪ್ಪನಿಗೆ, ಶುಕ್ರವಾರ ನಮಗೆ ಎಣ್ಣೆ ನೀರು. ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು, ಹಗಲು ಹೊತ್ತು ಯಾರೂ ಮೈ ಚಾಚಬಾರದು. ಹಗಲು ಮಲಗಿದ ಸೊಂಟಕ್ಕೆ ವಾಯು ಸೇರುತ್ತದೆ. ಜ್ವರ ಬಂದರೂ ಗೋಡೆಗೆ ಒರಗಿ ಕೂರಬೇಕಿತ್ತು. ಅಪ್ಪ ಬೆಳಕು ಹರಿಯುವಾಗ ಗುಂಡಿಗಿಳಿದರೆ ಕಣ್ಣಿಗೆ ನೂಲು ಕಾಣಿಸದಷ್ಟು ಕತ್ತಲಾಗುವವರೆಗೆ ಮಗ್ಗದಲ್ಲೇ. ಊಟಕ್ಕೆ ಎದ್ದರೂ ತಟ್ಟೆ ಮುಂದೆ ಕೂತೇ ತೂಕಡಿಸುತ್ತಿದ್ದ.

ಅಜ್ಜಿಯ ಹೆಸರು ಪೊಳ್ಳಾಚಿಯವರೆಗೆ ಹೋದದ್ದು ಹುರುಳಿ ರಸದಿಂದಲ್ಲ, ನಮ್ಮ ಅಕ್ಕ ರುಕ್ಕುವಿನ ಕಾಲಿನಿಂದ. ಅಕ್ಕ ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲಿಗೆ ಸೊಂಟದ ಪಿಡಿಪ್ಪನ್ನು, ಅಂದರೆ ಗಕ್ಕನೆ ಹಿಡಿದುಕೊಳ್ಳುವ ನೋವನ್ನು, ಬಿಡಿಸುವ ಗುಣ ಇರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಈಗಲೂ ಇದೆ. ಮಗ್ಗದ ಬೀದಿಯಲ್ಲಿ ಸೊಂಟಗಳಿಗೇನು ಬರ. ಬಂದವರು ನಡುಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಬೇಕು. ಅಕ್ಕ ಹಲ್ಲುಜ್ಜುವ ಮೊದಲೇ ಕಾಲು ತೊಳೆದು ಬಂದು ಎಡಗಾಲಿನಿಂದ ಮೂರು ಸಲ ತುಳಿಯಬೇಕು. ದೊಡ್ಡವರ ಮೈಗೆ ಕಾಲು ತಾಗಿಸಿದ ಪಾಪಕ್ಕೆ, ಕೂಡಲೇ ಅವರ ಪಾದಕ್ಕೆ ನಮಸ್ಕಾರ ಮಾಡಬೇಕು. ಆಮೇಲೆ ಅಜ್ಜಿ ಒಂದು ಕಂಡಿಕೆ ಸುತ್ತುವಷ್ಟು ಹೊತ್ತು ಅವರು ಅಲ್ಲಾಡದೆ ಮಲಗಿರಬೇಕು. ನಮ್ಮ ಮನೆಯಲ್ಲಿ ಹಗಲು ಮೈ ಚಾಚಲು ಅನುಮತಿ ಇದ್ದದ್ದು ಅವರಿಗೆ ಮಾತ್ರ. ಹೀಗೆ ಮೂರು ಬೆಳಿಗ್ಗೆ. ಅಕ್ಕ ದೊಡ್ಡವಳಾದ ಮೇಲೆ, ಮೈನೆರೆದ ಹುಡುಗಿ ಕಂಡವರ ಬೆನ್ನಿಗೆ ಕಾಲಿಡುವುದು ಸರಿಯಲ್ಲ ಎಂದು ಅಜ್ಜಿಯೇ ನಿಲ್ಲಿಸಿದಳು. ನಿಲ್ಲಿಸಿದ ವಾರದಲ್ಲೇ ಬಾಗಿಲಿಗೆ ನಾಲ್ಕು ಸೊಂಟಗಳು ಬಂದವು. ಅಜ್ಜಿ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ತಾನೇ ಕಾಲು ತೊಳೆದಳು.

"ಇನ್ಮೇಲೆ ನೀನೇ, ಅಮ್ಮಣಿ. ಕೇಳಿದ್ರೆ ನಾನೇ ಕಾಲ್ ಮುಂದಾಗಿ ಹುಟ್ಟಿದ್ದು ಅನ್ನು."

"ನಾನ್ ತಲೆ ಮುಂದಾಗಿ ತಾನೆ ಹುಟ್ಟಿದ್ದು, ಅಜ್ಜಿ?"

"ಎರಡೂ ಒಂದೇ ಹೊಟ್ಟೇಲಿ ಬಂದ ಕಾಲು. ಅಷ್ಟು ದೂರದಿಂದ ಬಂದವ್ರಿಗೆ ಇಲ್ಲ ಅಂತ ಹೆಂಗ್ ಹೇಳದು?"

ಆ ಮನೆಯ ಹುಡುಗಿಯ ಕಾಲು ಎಂದಷ್ಟೇ ಊರಿಗೆ ಗೊತ್ತಿತ್ತು, ಯಾವ ಹುಡುಗಿ ಎಂಬ ಲೆಕ್ಕ ಯಾರಿಟ್ಟಿದ್ದರು? ಸೂಲಗಿತ್ತಿ ತೀರಿಹೋಗಿದ್ದಳು. ಅಮ್ಮ ಗಂಜಿ ಪಾತ್ರೆ ತಿರುವುತ್ತಾ ಏನೂ ಕೇಳಿಸದವಳಂತೆ ಇದ್ದುಬಿಟ್ಟಳು. ಅಪ್ಪ ಮಾತ್ರ ಬಂದವರ ಮುಂದೆಲ್ಲ, ನಮ್ಮ ಚಿಕ್ಕವಳೇ ಕಾಲು ಮುಂದಾಗಿ ಹುಟ್ಟಿದವಳು ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಆಗೆಲ್ಲ ನನಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಮನೆಯಲ್ಲಿ ಸತ್ಯ ಗೊತ್ತಿಲ್ಲದವನು ಅಪ್ಪ ಒಬ್ಬನೇ ಎಂದು ನಾನು ತಿಳಿದುಕೊಂಡೆ. ಮೂರು ಹೆಂಗಸರೂ ಒಬ್ಬ ಹುಡುಗಿಯೂ ಸೇರಿ ಅವನಿಗೆ ಮೋಸ ಮಾಡುತ್ತಿದ್ದೇವೆ ಎಂದು.

ಅಲ್ಲಿಂದ ಎರಡು ವರ್ಷ ನನ್ನ ಕಾಲುಗಳು ನನ್ನವಾಗಿರಲಿಲ್ಲ. ಬರಿಗಾಲಲ್ಲಿ ಓಡುವಂತಿಲ್ಲ, ಮುಳ್ಳು ಚುಚ್ಚೀತು. ಕುಂಟೆಬಿಲ್ಲೆ ಆಡುವಂತಿಲ್ಲ, ಉಳುಕೀತು. ಮಲಗುವ ಮುಂಚೆ ಅಜ್ಜಿ ಪಾದಗಳಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಅದು ಪ್ರೀತಿಯೋ, ಮಗ್ಗಕ್ಕೆ ಎಣ್ಣೆ ಬಿಟ್ಟ ಹಾಗೋ ನನಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಚಾಪೆಯ ಮೇಲೆ ಯಾರದೋ ಬೆನ್ನು. ಗಂಡಸರ ಬೆವರಿನ ಬೆನ್ನು, ಎಲುಬು ಎದ್ದ ಮುದುಕಿಯರ ಬೆನ್ನು. ಪೊಳ್ಳಾಚಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಬೆನ್ನು ನಮ್ಮ ಚಾಪೆಗಿಂತ ಅಗಲವಿತ್ತು. ನಾನು ಕಾಲಿಡುವ ಮೊದಲೇ ಅವರು "ಮೆದುವಾ, ಕಣ್ಣು, ಮೆದುವಾ", ಮೆಲ್ಲಗೆ ಮಗೂ ಮೆಲ್ಲಗೆ, ಎಂದು ತಮಿಳಿನಲ್ಲಿ ನರಳತೊಡಗಿದರು. ಮೂರನೇ ದಿನ ಎದ್ದು ಕೂತು, ನೋವು ಹೋಯಿತೆಂದು ಕಣ್ಣಲ್ಲಿ ನೀರು ತಂದುಕೊಂಡು ನನಗೇ ಕೈ ಮುಗಿದರು. ನನಗೆ ನಾಚಿಕೆಯಾಯಿತು. ಆದರೂ ಅವರು ನೆಟ್ಟಗೆ ನಡೆದು ಹೋದದ್ದಂತೂ ನಿಜ. ಸುಳ್ಳು ಕಾಲಿಗೂ ಹೇಗೆ ಗುಣವಾಯಿತು ಎಂದು ಆಗ ತಲೆ ಕೆಡಿಸಿಕೊಂಡಿದ್ದೆ. ಈಗ ಅನ್ನಿಸುವುದು, ಆ ಮನುಷ್ಯ ಮೂರು ದಿನ ಮೂಟೆ ಹೊರದೆ ಸುಮ್ಮನೆ ಇದ್ದರಲ್ಲ, ಅಷ್ಟು ಸಾಕಾಗಿತ್ತೋ ಏನೋ.

ಅಜ್ಜಿಯನ್ನು ಬರೀ ಸುಳ್ಳಿ ಎಂದು ಬರೆದುಬಿಟ್ಟರೆ ಅನ್ಯಾಯವಾಗುತ್ತದೆ. ಯಾರೇ ಮಲಗುವ ಮೊದಲು ಅವಳು ಬೆನ್ನೆಲುಬಿನ ಉದ್ದಕ್ಕೂ ಹೆಬ್ಬೆರಳು ಓಡಿಸಿ ಮೂರು ಪ್ರಶ್ನೆ ಕೇಳುತ್ತಿದ್ದಳು. ಎಲ್ಲಿಂದಾದರೂ ಬಿದ್ದೆಯಾ? ಜ್ವರ ಇದೆಯಾ? ಕಾಲು ಮರತ್ತು ಹೋಗುತ್ತಾ, ಅಂದರೆ ಜೋಮು ಹಿಡಿದು ಮುಟ್ಟಿದ್ದು ಗೊತ್ತಾಗದೆ ಹೋಗುತ್ತಾ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಚಾಪೆ ಸುತ್ತಿ ಎತ್ತಿಡುತ್ತಿದ್ದಳು. "ಇದು ಕಾಲಲ್ಲಿ ತುಳಿಯೋದಲ್ಲ ಸಾಮಿ, ದೊಡ್ಡಾಸ್ಪತ್ರಿಗ್ ಹೋಗು, ಇವತ್ತೇ ಹೋಗು" ಎಂದು ಗದರಿಸಿ ಬಸ್ಸು ಹತ್ತಿಸಿದ್ದೂ ಉಂಟು. ಹಾಗೆ ಹೋಗಿ ಕಾಲು ಉಳಿಸಿಕೊಂಡವರು ಆಮೇಲೆ ಬೆಲ್ಲದ ಅಚ್ಚು ಹಿಡಿದು ಬರುತ್ತಿದ್ದರು. ಆ ಮೂರು ಪ್ರಶ್ನೆಗಳು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದವು.

ಹನ್ನೊಂದನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಚಾಪೆಯ ಮೇಲೆ ಅಪ್ಪ ಮಲಗಿದ್ದ. ಮಗ್ಗದಿಂದ ಏಳುವಾಗ ಸೊಂಟ ಹಿಡಿದುಕೊಂಡಿದೆ ಎಂದ. ಅಜ್ಜಿ ಅವನಿಗೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ತುಳಿದೆ, ನಮಸ್ಕಾರ ಮಾಡಿದೆ, ಅಜ್ಜಿ ಕಂಡಿಕೆ ಸುತ್ತತೊಡಗಿದಳು. ಅವಳ ಕೈಯಲ್ಲಿ ನೂಲು ತುಂಡಾದದ್ದನ್ನು ನಾನು ಕಂಡವಳಲ್ಲ. ಅಪ್ಪ ಮಲಗಿದ ದಿನಗಳಲ್ಲಿ ಮಾತ್ರ ಅದು ಪದೇ ಪದೇ ತುಂಡಾಗುತ್ತಿತ್ತು, ಅವಳು ಗಂಟು ಹಾಕಿ ಮತ್ತೆ ಮೊದಲಿನಿಂದ ಸುತ್ತುತ್ತಿದ್ದಳು. ಮೂರು ದಿನ ಮುಗಿಯಿತು, ಗುಣವಾಗಲಿಲ್ಲ. ಇನ್ನೂ ಮೂರು ಎಂದಳು. ಹಾಗೆ ಮೂರು ಮೂರಾಗಿ ಎರಡು ತಿಂಗಳು ಎಳೆಯಿತು. ಒಂದು ಸಂಜೆ ಅಪ್ಪನ ಜೊತೆ ಅಂಗಡಿಗೆ ಹೋಗುವಾಗ ಹಿಂದಿರುಗಿ ನೋಡಿದೆ. ಅವನ ಬಲಗಾಲಿನ ಚಪ್ಪಲಿ ಹತ್ತು ಮಾರು ಹಿಂದೆ ದಾರಿಯಲ್ಲಿ ಬಿದ್ದಿತ್ತು. ಅಪ್ಪ ಬರಿಗಾಲಲ್ಲಿ ಮುಂದೆ ನಡೆಯುತ್ತಲೇ ಇದ್ದ. ಕಲ್ಲು ಮುಳ್ಳಿನ ದಾರಿ. ಚಪ್ಪಲಿ ಬಿದ್ದದ್ದೇ ಅವನಿಗೆ ಗೊತ್ತಾಗಿರಲಿಲ್ಲ. ನಾನು ಎತ್ತಿ ತಂದು ಕೊಟ್ಟಾಗ ಸುತ್ತ ನೋಡಿ, "ಅಜ್ಜಿಗೆ ಹೇಳ್ಬ್ಯಾಡ" ಎಂದ.

ಹೇಳಿದೆ. ಅಂದೇ ಹೇಳಿದೆ. ಅಜ್ಜಿಯ ರಾಟೆ ನಿಂತಿತು. ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಈಗ ಚಾಪೆ ಸುತ್ತಿಡುತ್ತಾಳೆ ಎಂದು ಕಾದೆ. ಅವಳು ನೂಲಿನ ತುದಿಯನ್ನು ಮತ್ತೆ ಕೈಗೆ ತೆಗೆದುಕೊಂಡು, "ನಾಳೆಯಿಂದ ಇನ್ ಮೂರ್ ದಿನ" ಎಂದಳು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು. ಅತ್ತೆಯ ಮುಂದೆ ದನಿ ಎತ್ತಿದ್ದು ನಾನು ಕಂಡ ಹಾಗೆ ಅದೇ ಮೊದಲು.

"ಊರೋರ್ಗೆಲ್ಲ ಆಸ್ಪತ್ರಿಗ್ ಹೋಗಿ ಅಂತೀರ. ನಿಮ್ ಮಗನ್ಗೆ ಮಾತ್ರ ಯಾಕ್ ಹೇಳಲ್ಲ ಅತ್ತೆ?"

"ನನ್ ಮಗನ್ನ ನಾನ್ ನೋಡ್ಕೊಂತೀನಿ."

"ನಿಮ್ ಮಗನೇ ಆಸ್ಪತ್ರಿಗ್ ಹೋದ್ರೆ ನಾಳೆ ಬಾಗ್ಲಿಗೆ ಯಾರ್ ಬತ್ತಾರೆ ಅಂತ ಭಯವಾ?"

ಅಮ್ಮ ಹೇಳಿದ್ದು ಅರ್ಧ ನಿಜ ಎಂದು ಈಗಲೂ ನನಗೆ ಅನ್ನಿಸುತ್ತದೆ. ಇನ್ನರ್ಧ, ತಾತನನ್ನು ಅದೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಒಬ್ಬಳೇ ವಾಪಸು ಬಂದವಳು ಅವಳು. ಬೇರೆಯವರ ಮಕ್ಕಳನ್ನು ಅಲ್ಲಿಗೆ ಕಳಿಸುವ ಧೈರ್ಯ ಅವಳಿಗಿತ್ತು, ತನ್ನ ಮಗನನ್ನು ಕಳಿಸುವ ಧೈರ್ಯ ಇರಲಿಲ್ಲ. ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಕ್ಕ ಅಕ್ಕಿ ಬೇಳೆ ಅನ್ನ ಬಡಿಸಿದಳು, ಎಲ್ಲರೂ ಕಲಸಿ ಬಿಟ್ಟರು. ಅಕ್ಕನಾದರೂ ತುಳಿಯಲಿ, ಅವಳದು ನಿಜವಾದ ಕಾಲು ಎಂದು ನಾನು ಅಜ್ಜಿಯ ಕಿವಿಯಲ್ಲಿ ಹೇಳಿದ್ದಕ್ಕೆ, ದೊಡ್ಡವಳಾದ ಮೇಲೆ ಆ ಗುಣ ಹೊರಟುಹೋಗುತ್ತದೆ ಎಂದಳು. ಅಲ್ಲಿಗೆ ನನಗೆ ಉಳಿದದ್ದು ಒಂದೇ ದಾರಿ. ಅಪ್ಪ ನನ್ನ ಕಾಲನ್ನು ನಂಬಿಕೊಂಡು ಆಸ್ಪತ್ರೆಗೆ ಹೋಗದೆ ಇದ್ದಾನೆ. ಅದು ಬರೀ ಕಾಲು ಎಂದು ತಿಳಿದರೆ ಹೋಗುತ್ತಾನೆ. ಹೇಳದಿದ್ದರೆ ಅವನ ಕಾಲು ಹೋಗುತ್ತದೆ, ಹೇಳಿದರೆ ಅಜ್ಜಿಯ ಮಾನ ಹೋಗುತ್ತದೆ. ಹನ್ನೊಂದು ವರ್ಷದವಳಿಗೆ ಇದನ್ನು ಕೊಡಬಾರದಿತ್ತು. ಮನೆಯ ದೊಡ್ಡವರ ಮೇಲೆ ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಬೆಳಿಗ್ಗೆ ಕಾಲು ತೊಳೆದು ಬಂದೆ. ಅಪ್ಪ ಬೋರಲು ಮಲಗಿದ್ದ. ಅಜ್ಜಿ ಎಣ್ಣೆ ಬಿಸಿ ಮಾಡಲು ಅಡುಗೆಮನೆಗೆ ಹೋದಳು. ನಾನು ಅವನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತೆ.

"ಅಪ್ಪಾ, ನಾನ್ ಕಾಲ್ ಮುಂದಾಗಿ ಹುಟ್ಟಿಲ್ಲ. ಅದು ಅಕ್ಕ. ನಂದು ಸುಳ್ಳು."

ಅಪ್ಪ ಮುಖವನ್ನು ಚಾಪೆಯಿಂದ ಎತ್ತಲಿಲ್ಲ.

"ಗೊತ್ತು, ಅಮ್ಮಣಿ."

"ನಿನ್ಗೆ ಹೆಂಗ್ ಗೊತ್ತು?"

"ನೀ ಹುಟ್ಟುವಾಗ ಈ ಬಾಗ್ಲಲ್ಲೇ ನಿಂತಿದ್ದೆ. ತಲೆ ಬಂತು ಅಂತ ಸೂಲಗಿತ್ತಿ ಕೂಗಿದ್ದು ನನ್ಗೇ ತಾನೆ ಕೇಳಿದ್ದು."

"ಮತ್ಯಾಕ್ ದಿನಾ ತುಳಿಸ್ಕೊಂತೀಯ?"

ಅವನು ಚಾಪೆಗೆ ಹೇಳಿಕೊಳ್ಳುವವನ ಹಾಗೆ ಹೇಳಿದ.

"ತುಳಿದ್ ಮೇಲೆ ಒಂದ್ ಕಂಡಿಕೆ ಹೊತ್ತು ಮಲಗ್‌ಬೋದಲ್ಲ. ಯಾರೂ ಏಳು ಅನ್ನಲ್ಲ. ಸಾಕಾಗೈತೆ, ಅಮ್ಮಣಿ. ಭಾಳ ಸಾಕಾಗೈತೆ."

ನನಗೆ ಅಳು ಬಂತು. ಮೋಸ ಹೋದವಳು ನಾನೇ ಎಂದು ಸಿಟ್ಟೂ ಬಂತು. ಆಸ್ಪತ್ರೆಗೆ ಹೋಗಪ್ಪ, ನಾನು ಇನ್ನು ತುಳಿಯುವುದಿಲ್ಲ ಎಂದೆ. ನಿಮ್ಮ ಅಜ್ಜಿ ಒಪ್ಪಬೇಕಲ್ಲ ಎಂದ. ತಲೆಯೆತ್ತಿದರೆ ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಟ್ಟಲನ್ನು ಕೆಳಗಿಟ್ಟು ನಮ್ಮ ಹತ್ತಿರ ಬಂದಳು. ಅಪ್ಪನ ಬಲಪಾದವನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳನ್ನು ಉಗುರಿನಿಂದ ಗಟ್ಟಿಯಾಗಿ ಚಿವುಟಿದಳು. ಅಪ್ಪ ಅಲ್ಲಾಡಲಿಲ್ಲ. ಇನ್ನೊಮ್ಮೆ ಚಿವುಟಿದಳು. ಆಮೇಲೆ ಸೆರಗಿನಿಂದ ಆ ಪಾದವನ್ನು ಒರೆಸಿ, ನನ್ನ ಕಡೆ ತಿರುಗಿದಳು.

"ನೀನೂ ಜೊತೇಲ್ ಹೋಗು. ಚಪ್ಪಲಿ ಬಿದ್ರೆ ಎತ್ಕೊಡಕ್ಕೆ ಒಬ್ರು ಬೇಕು."

ಚಾಪೆಯನ್ನು ಅವಳೇ ಸುತ್ತಿದಳು. ಅದಾದ ಮೇಲೆ ಸೊಂಟ ಹಿಡಿದುಕೊಂಡು ಬಂದವರಿಗೆಲ್ಲ, ಹುಡುಗಿ ದೊಡ್ಡವಳಾದಳು, ಇನ್ನಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ನಾನು ದೊಡ್ಡವಳಾಗಲು ಇನ್ನೂ ಎರಡು ವರ್ಷವಿತ್ತು. ಹುರುಳಿ ರಸದ ಸಲಹೆ ಮಾತ್ರ ಸಾಯುವವರೆಗೂ ಬಿಡಲಿಲ್ಲ. ಅಪ್ಪನ ಬೆನ್ನೆಲುಬಿನಲ್ಲಿ ನರ ಒತ್ತಿಕೊಂಡಿದೆ, ತಡವಾಗಿ ಬಂದಿರಿ ಎಂದರು ಡಾಕ್ಟರು. ಮುಕ್ಕಾಲು ಪಾಲು ಗುಣವಾಯಿತು. ಪಾದ ಪೂರ್ತಿ ಮೇಲೆತ್ತಲು ಅಪ್ಪನಿಗೆ ಮತ್ತೆ ಆಗಲಿಲ್ಲ, ಮಗ್ಗದ ಗುಂಡಿಗೂ ಇಳಿಯಲಿಲ್ಲ. ಕಿಟಕಿಯ ಕೆಳಗೆ ತಾಯಿಯ ಎದುರು ಕೂತು ಕಂಡಿಕೆ ಸುತ್ತುವ ಕೆಲಸ ಹಿಡಿದ. ತಾಯಿ ಮಗ ಆ ಎರಡು ತಿಂಗಳ ಬಗ್ಗೆ ಮಾತಾಡಿಕೊಂಡದ್ದನ್ನು ನಾನು ಕೇಳಲಿಲ್ಲ. ಅಜ್ಜಿಯ ನೂಲು ಆಗ ಯಾಕೆ ಅಷ್ಟು ತುಂಡಾಗುತ್ತಿತ್ತು ಎಂಬುದು ನನಗೆ ಹೊಳೆದದ್ದು ನನ್ನ ಮಗಳು ಹುಟ್ಟಿದ ಮೇಲೆ. ಮಲಗು ಎಂದು ಮಗನಿಗೆ ಬಾಯಿ ಬಿಟ್ಟು ಹೇಳಲು ಅವಳ ಕಾನೂನು ಅವಳಿಗೇ ಅಡ್ಡ ಬಂದಿತ್ತು.

ಆ ಬೆಳಿಗ್ಗೆ ಬಸ್ಸಿನಲ್ಲಿ ನಮಗೆ ಜೋಡಿ ಸೀಟು ಸಿಕ್ಕಿತು. ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಚಪ್ಪಲಿ ಎರಡು ಸಲ ಬಿದ್ದಿತ್ತು. ಮೂರನೇ ಸಲ ನಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಬಸ್ಸು ಹೊರಟು ಮಿಲ್ಲುಗಳ ಗೋಡೆ ದಾಟುವ ಮೊದಲೇ ಅಪ್ಪ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದ. ಬಾಯಿ ತೆರೆದಿತ್ತು, ಮೀಸೆಯಲ್ಲಿ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿತ್ತು. ಕಿಟಕಿಯಿಂದ ಬಿಸಿಲು ಅವನ ಮುಖದ ಮೇಲೇ ಬೀಳುತ್ತಿತ್ತು, ಆದರೂ ಎಚ್ಚರವಾಗಲಿಲ್ಲ. ಹಗಲು ಹೊತ್ತಿನಲ್ಲಿ ಅಪ್ಪ ಹೀಗೆ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೆಗಲು ನೋಯುತ್ತಿತ್ತು, ಅಲ್ಲಾಡಿಸಲಿಲ್ಲ. ಕಂಡಕ್ಟರು ದೊಡ್ಡಾಸ್ಪತ್ರೆಯ ಹೆಸರು ಹೇಳಿ "ಎರಂಗು, ಎರಂಗು" ಎಂದು ಕೂಗಿದ. ಜನ ಇಳಿದರು. ನಾನು ಅಪ್ಪನನ್ನು ಎಬ್ಬಿಸಲಿಲ್ಲ. ಎರಡು ಸ್ಟಾಪು ಕಳೆದ ಮೇಲೆ, ಕಂಡಕ್ಟರು ನಮ್ಮ ಕಡೆ ಬರುವುದು ಕಂಡು ಎಬ್ಬಿಸಿದೆ. ಅಷ್ಟೂ ದೂರ ಬಿಸಿಲಿನಲ್ಲಿ ಹಿಂದಕ್ಕೆ ನಡೆದೆವು, ಅಪ್ಪ ಆ ಕಾಲನ್ನು ಎಳೆದುಕೊಂಡು, ನಾನು ಚಪ್ಪಲಿ ಹಿಡಿದುಕೊಂಡು. ಯಾಕಮ್ಮಣಿ ಎಬ್ಬಿಸಲಿಲ್ಲ ಎಂದು ಅಪ್ಪ ಕೇಳಲಿಲ್ಲ. ಮರತ್ತ ಕಾಲಿನವನನ್ನು ಹಾಗೆ ನಡೆಸಿದ್ದು ತಪ್ಪು, ನನಗೆ ಗೊತ್ತು. ಆ ಬಸ್ಸಿನಲ್ಲಿ ಇನ್ನೊಮ್ಮೆ ಕೂತರೂ ಎಬ್ಬಿಸುವುದಿಲ್ಲ.